ಕೆರೆ ಕಡೆಯುವ ಹಕ್ಕಿ

ನನಗೆ ಸವತಿಯರಿದ್ದಾರೆ. ಒಬ್ಬಿಬ್ಬರಲ್ಲ, ಲೆಕ್ಕವಿಲ್ಲದಷ್ಟು, ಮತ್ತು ಎಲ್ಲರಿಗೂ ರೆಕ್ಕೆಗಳಿವೆ. ಮಾಣಿಕನಗರದಲ್ಲಿ ನಮ್ಮದು ತೆಂಗಿನಕಾಯಿ, ಊದುಬತ್ತಿ, ಹಿತ್ತಾಳೆ ಗಂಟೆಗಳ ಅಂಗಡಿ. ಗಲ್ಲಾದ ಪಕ್ಕದಲ್ಲಿ ಬೇರೆಯವರು ದೇವರ ಫೋಟೋ ಇಟ್ಟುಕೊಳ್ಳುತ್ತಾರೆ, ನನ್ನ ಗಂಡ ದುರ್ಬೀನು ಇಟ್ಟುಕೊಂಡಿದ್ದಾರೆ. ಹೆಸರು ಓಂಪ್ರಕಾಶ. ಗಂಡನ ಹೆಸರು ಬಾಯಲ್ಲಿ ಹೇಳಬಾರದು ಎಂದು ಅತ್ತೆ ಹೇಳುತ್ತಿದ್ದರು. ಅಂಗಡಿಯ ಬೋರ್ಡಿನ ಮೇಲೆ ಅಷ್ಟು ದೊಡ್ಡದಾಗಿ ಬರೆಸಿದ ಮೇಲೆ ನಾನು ಬಾಯಿ ಮುಚ್ಚಿಕೊಂಡರೆ ಏನು ಬಂತು? ಗಿರಾಕಿ ಕಾಯಿ ಕೇಳಿದರೆ ಇವರು ಅವನ ಊರಿನ ಕೆರೆಯ ಸಮಾಚಾರ ಕೇಳುತ್ತಾರೆ. "ಹೊಸಾ ಹಕ್ಕಿ ಕಂಡ್ರ ನಂಗೊಂದು ಫೋನ್ ಹಚ್ಚರಿ" ಎಂದು ನಂಬರು ಕೊಡುತ್ತಾರೆ. ಹಾಗೆ ಬಂದ ಫೋನುಗಳಲ್ಲಿ ಮುಕ್ಕಾಲು ಪಾಲು ಊರ ಕೊಕ್ಕರೆಯ ಸುದ್ದಿಯೇ.

ಗಣಪತಿ ಹಬ್ಬ ಮುಗಿದ ವಾರ. ಅವತ್ತು ನನ್ನನ್ನು ಬಸವಕಲ್ಯಾಣದ ತವರುಮನೆಗೆ ಬಿಟ್ಟು ಬರುತ್ತೇನೆಂದು ಇವರು ಒಪ್ಪಿಕೊಂಡಿದ್ದರು. ನಾನು ಸ್ಟೀಲ್ ಡಬ್ಬಿಯ ತುಂಬ ಕಡುಬು ಮಾಡಿಟ್ಟುಕೊಂಡು, ಹೊಸ ಸೀರೆ ಉಟ್ಟು ತಯಾರಾಗಿದ್ದೆ. ಆಗ ಮೋರಖಂಡಿಯ ದೇವಿಂದ್ರಪ್ಪನ ಫೋನು ಬಂತು. ದೇವಿಂದ್ರಪ್ಪ ಕುರಿ ಸಾಕುವ ಮನುಷ್ಯ. ಹಿಂಡಿನ ಮುಂದಾಳು ಕುರಿಗೆ ಗಂಟೆ ಬೇಕಾದಾಗ ನಮ್ಮ ಅಂಗಡಿಗೇ ಬರುತ್ತಾನೆ.

"ಸಾವ್ಕಾರ್ರ, ನಮ್ಮ ಕೆರ್ಯಾಗ ಒಂದ್ ಹಕ್ಕಿ ಬಂದದ. ಇದ್ದ ಜಾಗಾದಾಗೇ ಗಿರಗಿರ ತಿರಗಾಕತ್ತದ. ನಸಕಿನ್ಯಾಗಿಂದ ನೋಡಾಕತ್ತೇನಿ, ನಿಂದ್ರವಲ್ದು."

"ಎಷ್ಟ ದೊಡ್ಡದದ ಕಾಕಾ? ಹ್ಯಾಂಗದ?"

"ಗುಬ್ಬಿಗಿಂತ ದೊಡ್ಡದು, ಪಾರಿವಾಳಕ್ಕಿಂತ ಸಣ್ಣದು. ಹೊಟ್ಟಿ ಬೆಳ್ಳಗದ. ಕಣ್ಣಿನ ಹಿಂದ ಕಾಡಿಗಿ ಒರಿಸಿದಂಗ ಕಪ್ಪ ಅದ. ಕೊಕ್ಕು ಸೂಜಿ ಇದ್ದಂಗ."

ನಮ್ಮ ಮದುವೆಯ ದಿನ ಕೂಡ ಇವರ ಮುಖ ಅಷ್ಟು ಅರಳಿರಲಿಲ್ಲ. ಎದ್ದರು, ಕುಳಿತರು, ಮತ್ತೆ ಎದ್ದರು. ದುರ್ಬೀನು ಕೊರಳಿಗೆ ಹಾಕಿಕೊಂಡು, ಅಂಗಡಿ ನೋಡಿಕೋ ಎಂದು ನಮ್ಮಲ್ಲಿ ಕೆಲಸಕ್ಕಿರುವ ಉತ್ತಮನಿಗೆ ಹೇಳಿ, ಸ್ಕೂಟರ್ ತೆಗೆದೇಬಿಟ್ಟರು. ಗಲ್ಲಾದ ಮೇಲೆ ಬಿಟ್ಟ ಫೋನಿನಲ್ಲಿ ದೇವಿಂದ್ರಪ್ಪ ಇನ್ನೂ ಮಾತಾಡುತ್ತಲೇ ಇದ್ದ. ಅದನ್ನು ಕೇಳಿಸಿಕೊಂಡವಳು ನಾನು.

"ಅದಕ್ಕ ಚಕ್ಕರ್ ಬ್ಯಾನಿ ಬಂದದ ಅನಸ್ತದರಿ. ನಮ್ಮ ಕುರಿಗಿ ಬಂದು ತಿರಗಿ ತಿರಗಿ ಬಿದ್ವಲ್ಲ, ಅದೇ. ನೀರೇ ಕೆಟ್ಟಾವ. ಸಂಜಿಗಿ ವ್ಯಾಪಾರಿ ಮಹೆಬೂಬ ಗಾಡಿ ತರ್ತಾನ, ಇದ್ದಬದ್ದ ಕುರಿ ಕೊಟ್ಟಬಿಡ್ತೇನಿ. ಅದರೊಳಗ ಬಂದು ಒಂದ್ ಮಾತ್ ಹೇಳ್ರಿ."

ಹೆದ್ದಾರಿಯ ಮೇಲೆ ಸ್ಕೂಟರ್ ಹಾರಿತು. ಹಿಂದೆ ಕುಳಿತು ನಾನು ದೇವಿಂದ್ರಪ್ಪನ ಕುರಿಯ ವಿಷಯ ಹೇಳುತ್ತಿದ್ದೆ, ಮುಂದೆ ಕುಳಿತು ಇವರು ಹಕ್ಕಿಯ ವಿಷಯ ಹೇಳುತ್ತಿದ್ದರು. ಅದರ ಹೆಸರು ಫಲರೋಪ್ ಅಂತೆ, ಕೆಂಪು ಕುತ್ತಿಗೆಯ ಫಲರೋಪ್. ಉತ್ತರದ ಹಿಮದ ಸೀಮೆಯಲ್ಲಿ ಹುಟ್ಟಿ, ಚಳಿಗಾಲವನ್ನೆಲ್ಲ ನಡುಸಮುದ್ರದ ಮೇಲೆ ಕಳೆಯುತ್ತದಂತೆ. ನಮ್ಮ ಈ ತೊಗರಿ ನಾಡಿನಲ್ಲಿ ಇಳಿಯುವುದು ಎಲ್ಲೋ ಒಮ್ಮೆ. ಇವರು ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿದವರಲ್ಲ. ಮಾತಿನ ಭರದಲ್ಲಿ ಬಸವಕಲ್ಯಾಣ ಬಂತು, ನನ್ನ ತವರಿನ ಓಣಿ ಬಂತು, ಹೋಯಿತು.

"ರೀ! ನಮ್ಮವ್ವನ ಮನಿ ಹಿಂದ ಹೋತು!"

"ಅತ್ತಿ ಎಲ್ಲಿ ಹೋಗ್ತಾರ? ಮನ್ಯಾಗೇ ಇರ್ತಾರ. ಹಕ್ಕಿ ಇರ್ತದೇನು?"

ಬೆನ್ನಿಗೊಂದು ಗುದ್ದಿದೆ. ಅದು ಅವರಿಗೆ ತಾಗಲೇ ಇಲ್ಲ.

ಒಂದು ಮಾತು ಹೇಳಲೇಬೇಕು. ಕಲಬುರಗಿಯಲ್ಲಿ ಹಕ್ಕಿ ನೋಡುವವರ ಒಂದು ಗುಂಪಿದೆ, ಇವರೂ ಅದರಲ್ಲಿದ್ದಾರೆ. ಹೋದ ವರ್ಷ ಇವರು ಅಪರೂಪದ ಬಾತುಕೋಳಿ ಬಂದಿದೆ ಎಂದು ಆ ಮಂದಿಯನ್ನು ಕರೆಸಿದ್ದರು. ಅವರು ಬಂದು ಕುಳಿತು ನೋಡುತ್ತಿರುವಾಗ ಒಬ್ಬ ಹೆಂಗಸು ಬಂದು "ಬಾ ಬಾ" ಎಂದು ಕರೆದಳು, ಅಪರೂಪದ ಹಕ್ಕಿ ಅವಳ ಹಿಂದೆಯೇ ಮನೆಗೆ ನಡೆಯಿತು. ಅವತ್ತಿನಿಂದ ಗುಂಪಿನಲ್ಲಿ ಇವರಿಗೆ ಬಾತು ಓಂಪ್ರಕಾಶ ಎಂದೇ ಹೆಸರು. ನಾನೂ ನಕ್ಕಿದ್ದೆ. ಆದರೆ ಆ ರಾತ್ರಿ ಇವರು ಊಟ ಬಿಟ್ಟು ಎದ್ದದ್ದು ನೋಡಿ ನನಗೆ ಕರುಳು ಚುರುಕ್ ಎಂದಿತ್ತು. ಈಗ ಮೋರಖಂಡಿಯ ಏರಿಯ ಕೆಳಗೆ ಸ್ಕೂಟರ್ ನಿಲ್ಲಿಸಿ ಗುಂಪಿಗೆ ಸುದ್ದಿ ಹಾಕಿದರು. ಉತ್ತರ ಕೂಡಲೇ ಬಂತು. ನಾಳೆ ಮುಂಜಾನೆ ಬರುತ್ತೇವೆ, ಕಣ್ಣಾರೆ ನೋಡದೆ ಒಪ್ಪುವುದಿಲ್ಲ, ಈ ಸಲ ಯಾರ ಮನೆಯದು ಎಂದು ಮೊದಲು ವಿಚಾರಿಸಿ.

ಕೆರೆಯ ಏರಿ ಹತ್ತಿದೆವು. ಮಳೆ ಚೆನ್ನಾಗಿ ಆಗಿತ್ತು, ನೀರು ಜಾಲಿಗಿಡಗಳ ಬುಡದವರೆಗೆ ಬಂದಿತ್ತು. ದಡದ ಹತ್ತಿರವೇ, ಕಲ್ಲು ಎಸೆದರೆ ತಾಗುವಷ್ಟು ಸಮೀಪದಲ್ಲಿ, ಅದು ತಿರುಗುತ್ತಿತ್ತು.

ಬುಗುರಿ! ನನಗೆ ಬೇರೆ ಮಾತು ಹೊಳೆಯಲಿಲ್ಲ. ಹಗುರಾಗಿ ನೀರಿನ ಮೇಲೆ ಕುಳಿತು, ಕುತ್ತಿಗೆ ನಿಗುರಿಸಿ, ಗಿರ್ರನೆ ಒಂದೇ ಕಡೆಗೆ ತಿರುಗುತ್ತದೆ. ಸುತ್ತ ನೀರು ಬಳೆಯಾಗಿ ಏಳುತ್ತದೆ. ಅರೆಗಳಿಗೆ ನಿಲ್ಲುತ್ತದೆ, ತುಸು ಮುಂದೆ ತೇಲುತ್ತದೆ, ಮತ್ತೆ ಗಿರ್ರ್. ಇಷ್ಟು ವರ್ಷ ಇವರು ದುರ್ಬೀನು ಕೊಟ್ಟಾಗಲೆಲ್ಲ ನನಗೆ ಎಲೆ ಕಂಡಿತ್ತು, ಕಂಬ ಕಂಡಿತ್ತು, ಹಕ್ಕಿ ಕಂಡಿರಲಿಲ್ಲ. ಇವತ್ತು ದುರ್ಬೀನು ಕಸಿದುಕೊಂಡವಳು ನಾನು.

"ಅಯ್ಯ, ಇದೇನ್ರೀ ಇದು! ಇದಕ್ಕ ತಲಿ ತಿರಗಂಗಿಲ್ಲೇನ್ರೀ?" ಎಂದು ಕೂಗಿಬಿಟ್ಟೆ.

"ಕೆಂಪು ಕುತ್ತಿಗಿ ಬೇಸಿಗಿ ಬಣ್ಣ, ಈಗ ಬಿಟ್ಟು ಬಂದದ. ಅದೇ, ಅದೇ, ಖರೇನೇ ಅದೇ" ಎಂದು ಇವರು ತಮ್ಮಷ್ಟಕ್ಕೆ ಗೊಣಗುತ್ತಿದ್ದರು. ಕಣ್ಣಲ್ಲಿ ನೀರು ನಿಂತಿತ್ತು.

ಆದರೆ ಏರಿಯ ಮೇಲೆ ಯಾರೂ ನಗುತ್ತಿರಲಿಲ್ಲ. ದೇವಿಂದ್ರಪ್ಪನೂ ಅವನ ಹೆಂಡತಿ ಸಖುಬಾಯಿಯೂ ಕುರಿ ಹಿಂಡನ್ನು ಬೇವಿನ ಗಿಡದ ಕೆಳಗೆ ತಡೆದು ನಿಲ್ಲಿಸಿದ್ದರು. ಬೆಳಗಿನಿಂದ ಒಂದು ಹನಿ ನೀರು ಮುಟ್ಟಿಸಿಲ್ಲ. ಕಣ್ಣೆದುರು ಕೆರೆ ಇದ್ದು ಬಾಯಾರಿದ ಕುರಿಗಳು ಒಂದೇ ಸಮನೆ ಒದರುತ್ತಿದ್ದವು. ದೇವಿಂದ್ರಪ್ಪನ ಕೈಯಲ್ಲಿ ನಮ್ಮ ಅಂಗಡಿಯ ಗಂಟೆ ಇತ್ತು.

"ಹೋದ ವರ್ಷ ಹಿಂಗೇ ಆಗಿತ್ರಿ" ಎಂದ. "ಈ ಗಂಟಿ ಕಟ್ಟಿದ್ನಲ್ಲ, ಆ ಮುಂದಿನ ಕುರಿ. ಒಂದಿನಾ ಮುಂಜಾನಿ ಎದ್ದ ನೋಡ್ತೇನಿ, ಒಬ್ಬಂಟಿ ನಿಂತು ಎಡಕ್ಕ ತಿರಗಾಕತ್ತದ. ತಿರಗಿ ತಿರಗಿ ಬಿತ್ತು. ಅದರ ಹಿಂದ ಅರ್ಧಾ ಹಿಂಡ ಹೋತು. ಡಾಕ್ಟರ್ ಬಂದು ನಾಯಿ ಹೊಟ್ಟ್ಯಾಗಿನ ಹುಳದಿಂದ ಬರ್ತದ ಅಂದ್ರು. ನಾಯಿಗಿ ಗುಳಗಿ ಹಾಕೇನ್ರಿ. ಹಾಕಿದ ಮ್ಯಾಲೂ ಇದು ಬಂದದಂದ್ರ ನೀರಾಗೇ ಅದ ಅಂದಂಗಾತು. ಮತ್ತೊಂದ ಸಲ ಅದನ್ನ ನೋಡೋ ತಾಕತ್ ನನಗಿಲ್ಲ. ಜೀವ ಇದ್ದಾಗೇ ಕೊಟ್ಟಬಿಡ್ತೇನಿ."

"ಕೊಟ್ಟು ಏನ್ ಮಾಡಾದು? ಗ್ವಾಡಿ ನೋಡ್ಕೋತ ಕುಂದ್ರಾದೇನ?" ಎಂದಳು ಸಖುಬಾಯಿ. ಆ ಮಾತನ್ನು ಬೆಳಗಿನಿಂದ ಎಷ್ಟು ಸಲ ಹೇಳಿದ್ದಳೋ, ದನಿ ಒಡೆದಿತ್ತು.

ಹಾವು ಕಡಿದವನಿಗೆ ಹಗ್ಗ ಕಂಡರೂ ಭಯ. ನನ್ನ ಗಂಡ ಹಗ್ಗದ ಶಾಸ್ತ್ರ ಹೇಳಲು ನಿಂತರು. "ಇದು ಬ್ಯಾನಿ ಅಲ್ಲ ಕಾಕಾ, ಇದರ ಸ್ವಭಾವನೇ ಹಿಂಗ. ಕಾಲಿಲೆ ನೀರು ತುಳದು ತಿರಗತದ. ನೀರು ಸುಳಿಯಾಗಿ ತಳದಾಗಿನ ಹುಳ ಮ್ಯಾಲ ಬರ್ತಾವ, ಅವನ್ನ ತಿಂತದ."

"ಬರೀ ಎಡಕ್ಕೇ ಯಾಕ ತಿರಗತದ?"

"ಕೆಲವು ಎಡಕ್ಕ, ಕೆಲವು ಬಲಕ್ಕ. ಒಂದೊಂದಕ್ಕ ಒಂದೊಂದ್ ರೂಢಿ."

"ನನ್ನ ಕುರೀನೂ ಹಂಗೇ ತಿರಗಿದ್ವುರಿ. ಮತ್ತ ಒಬ್ಬಂಟಿ ಯಾಕದ?"

"ಸಮುದ್ರದ ಹಕ್ಕಿ ಅದು. ದಾರಿ ತಪ್ಪಿ ಬಂದದ."

"ದಾರಿ ತಪ್ಪೋದೂ ಅದೇ ಬ್ಯಾನೀನೇ ಅಲ್ರಿ?"

ದೇವಿಂದ್ರಪ್ಪ ನೇರವಾಗಿ ನೀರಿಗಿಳಿದು ಹಕ್ಕಿಯ ಕಡೆಗೆ ನಡೆದ. ಬೇರೆ ಯಾವ ಹಕ್ಕಿಯಾದರೂ ಹಾರಿ ಊರು ದಾಟುತ್ತಿತ್ತು. ಇದು ತಿರುಗುತ್ತ ತಿರುಗುತ್ತ ಅವನ ಮೊಣಕಾಲಿನ ಹತ್ತಿರವೇ ಬಂತು.

"ನೋಡ್ರಿ, ಅಂಜಿಕಿನೇ ಇಲ್ಲ. ಚಕ್ಕರ್ ಬಂದ ಕುರೀನೂ ಹಿಂಗೇ. ತೋಳ ಬಂದ್ರೂ ಓಡಂಗಿಲ್ಲ" ಎಂದ ದೇವಿಂದ್ರಪ್ಪ. ಅದು ಮನುಷ್ಯರನ್ನು ಹೆಚ್ಚು ಕಂಡ ಹಕ್ಕಿಯಲ್ಲ, ಅದಕ್ಕೇ ಹೆದರುವುದಿಲ್ಲ ಎಂದು ಇವರು ಹೇಳಿದ್ದು ಕುರಿಗಳ ಕೂಗಿನಲ್ಲಿ ಮುಳುಗಿಹೋಯಿತು.

ನನಗೆ ಸಿಟ್ಟು ಬಂತು. ಒಬ್ಬರು ಹೇಳುವುದು ಇನ್ನೊಬ್ಬರ ತಲೆಗೆ ಹೋಗದೆ, ನಡುವೆ ಮೂಕ ಪ್ರಾಣಿಗಳು ಬಾಯಾರಿ ನಿಂತಿವೆ. ಮತ್ತೆ ದುರ್ಬೀನು ಹಾಕಿ ಹಕ್ಕಿಯ ಕೊಕ್ಕನ್ನೇ ನೋಡಿದೆ. ಪ್ರತಿ ಸುತ್ತಿಗೂ ಕೊಕ್ಕು ನೀರಿಗೆ ತಾಗುತ್ತಿತ್ತು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮೇಲೆ ಬರುತ್ತಿತ್ತು.

"ಮಾವಶಿ, ಇಲ್ಲಿ ಬರ್ರಿ" ಎಂದು ಸಖುಬಾಯಿಯನ್ನು ಕರೆದು ದುರ್ಬೀನು ಕೊಟ್ಟೆ. "ಕೊಕ್ಕ ನೋಡ್ರಿ, ಬರೀ ಕೊಕ್ಕ."

ಸಖುಬಾಯಿ ಬಹಳ ಹೊತ್ತು ನೋಡಿದಳು. "ಯವ್ವಾ, ಸೂಜಿಲೆ ಟಾಕಿ ಹಾಕಿದಂಗ ಕುಕ್ಕಾಕತ್ತದಲ್ಲ! ತಿನ್ನಾಕತ್ತದ ಇದು! ಚಕ್ಕರ್ ಬಂದ ಕುರಿ ಎಲ್ಲಿ ತಿಂತದ?"

"ಅಲ್ಲೇನದ ತಿನ್ನಾಕ? ಬರೀ ನೀರು" ಎಂದ ದೇವಿಂದ್ರಪ್ಪ.

ಚಹಾದ ಲೋಟವನ್ನು ಚಮಚೆಯಿಂದ ತಿರುವಿದರೆ ತಳದ ಪುಡಿ ನಡುವೆ ಬಂದು ಗುಡ್ಡೆಯಾಗುವುದನ್ನು ನಾನು ದಿನಾಲೂ ನೋಡುವವಳು. ಡಬ್ಬಿಯ ಕಡುಬುಗಳನ್ನು ಸಖುಬಾಯಿಯ ಸೆರಗಿಗೆ ಸುರಿದು ಗಂಟು ಕಟ್ಟಿಸಿದೆ. ಅವ್ವ ಕ್ಷಮಿಸಲಿ. ಹಕ್ಕಿ ಇದ್ದ ಕಡೆಯಿಂದಲೇ ಡಬ್ಬಿ ತುಂಬ ನೀರು, ಒಂದು ಹಿಡಿ ಕೆಸರು ತಂದು ಅಲುಗದಂತೆ ಇಟ್ಟೆ. ಕೆಸರು ತಳಕ್ಕಿಳಿಯಿತು, ಮೇಲಿನ ನೀರು ತಿಳಿಯಾಯಿತು. "ಈಗ ಏನರ ಕಾಣಸ್ತದೇನ್ರಿ ಕಾಕಾ?" ಎಂದು ಕೇಳಿದೆ.

"ಏನಿಲ್ಲ."

ಜಾಲಿಯ ಕಡ್ಡಿ ಮುರಿದು ನೀರನ್ನು ಗಿರಗಿರನೆ ತಿರುವಿ ಕಡ್ಡಿ ತೆಗೆದೆ. ನಾಲ್ಕೂ ತಲೆಗಳು ಡಬ್ಬಿಯ ಮೇಲೆ ಬಾಗಿದವು. ನಡುವಿನಿಂದ ಕೆಸರು ಹೊಗೆಯಂತೆ ಎದ್ದಿತು, ಅದರ ಜತೆ ದಾರದ ತುಂಡಿನಂಥ ಕೆಂಪು ಹುಳಗಳು ಕುಣಿಯುತ್ತ ಮೇಲೆ ಬಂದವು. ಒಂದಲ್ಲ, ಎರಡಲ್ಲ, ಬುಳುಬುಳು!

"ಬಂತು! ಬೆಣ್ಣಿ ಬಂದಂಗ ಬಂತು!" ಸಖುಬಾಯಿ ಚಪ್ಪಾಳೆ ತಟ್ಟಿದಳು. "ಇದು ಕೆರಿ ಕಡ್ಯಾಕತ್ತದ!"

ನನ್ನ ಗಂಡ ನನ್ನನ್ನು ನೋಡಿದ ರೀತಿಗೆ, ಹೇಳಲು ನಾಚಿಕೆ, ನಾನು ಸೆರಗು ಸರಿಮಾಡಿಕೊಂಡೆ. ಇಷ್ಟು ವರ್ಷಗಳಲ್ಲಿ ಹಕ್ಕಿಗಳನ್ನು ಮಾತ್ರ ಹಾಗೆ ನೋಡುತ್ತಿದ್ದರು.

ದೇವಿಂದ್ರಪ್ಪ ಕಡ್ಡಿ ಇಸಕೊಂಡು ತಾನೇ ತಿರುವಿದ. ನಿಲ್ಲಿಸಿ, ತಿಳಿಯಾಗಲು ಬಿಟ್ಟು, ಮತ್ತೆ ತಿರುವಿದ. ಮುಖ ಸ್ವಲ್ಪ ಸಡಿಲವಾಯಿತು, ಆದರೆ ಪೂರ್ತಿ ಅಲ್ಲ. ಅಷ್ಟರಲ್ಲಿ ಏರಿಯ ಆಚೆಯಿಂದ ಟೆಂಪೋ ಹಾರ್ನ್ ಕೇಳಿಸಿತು. ಕುರಿ ವ್ಯಾಪಾರಿ ಮಹೆಬೂಬ ಬಂದಿದ್ದ.

ದೇವಿಂದ್ರಪ್ಪ ಎದ್ದು ನಿಂತ. "ಸಾವ್ಕಾರ್ರ, ವೈನೀ, ನೀವು ಹೇಳೂದು ಖರೇ ಇರಬಹುದು. ಆದ್ರ ನಂದೂ ಒಂದ್ ಪರೀಕ್ಷಾ ಅದ. ಚಕ್ಕರ್ ಬಂದ ಕುರೀಗಿ ನಾವು ಜೋರಾಗಿ ಹೆದರಸ್ತೇವಿ. ಅದು ನೆಟ್ಟಗ ಓಡಂಗಿಲ್ಲ, ಬಳಸಿ ಬಂದು ಬೀಳ್ತದ. ಇದನ್ನ ಎಬ್ಬಸ್ರಿ. ನೆಟ್ಟಗ ಹಾರಿ ಹೋದ್ರ, ನಾ ಮಹೆಬೂಬಗ ವಾಪಸ್ ಕಳಸ್ತೇನಿ."

ನನ್ನ ಗಂಡನ ಮುಖ ಬಿಳಿಚಿಕೊಂಡಿತು. "ನಾಳಿ ಮುಂಜಾನಿ ಎಬ್ಬಿಸಿದ್ರ ಆಗಂಗಿಲ್ಲೇನ್ ಕಾಕಾ? ಕಲಬುರಗಿ ಮಂದಿ ಬಂದ್ ನೋಡೋತನಾ..."

"ಗಾಡಿ ಈಗ ಬಂದದಲ್ರಿ. ಇವತ್ತ ರಾತ್ರಿ ಒಂದ್ ಕುರಿ ತಿರಗಿದ್ರ ನಾ ಸತ್ತೇ ಹೋಗ್ತೇನಿ."

ಇವರು ಫೋನ್ ತೆಗೆದು ಬಂದಾಗಿನಿಂದ ಹೊಡೆದ ಫೋಟೋಗಳನ್ನು ನೋಡಿದರು. ನಾನೂ ಬಗ್ಗಿ ನೋಡಿದೆ. ನೀರಿನ ಮೇಲೆ ಅಕ್ಕಿಕಾಳು ಬಿದ್ದಂತೆ ಒಂದು ಚುಕ್ಕೆ. ಬಾತು ಓಂಪ್ರಕಾಶ ಈ ಚುಕ್ಕೆಯನ್ನು ತೋರಿಸಿದರೆ ಆ ಗುಂಪಿನವರು ಏನನ್ನುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಹಕ್ಕಿ ಒಮ್ಮೆ ಎದ್ದರೆ ಮತ್ತೆ ಇಲ್ಲೇ ಇಳಿಯಬೇಕೆಂದೇನಿಲ್ಲ. ಇವರು ಹಕ್ಕಿಯನ್ನು ನೋಡಿದರು, ಬೇವಿನ ಕೆಳಗೆ ನಾಲಿಗೆ ಚಾಚಿ ನಿಂತ ಕುರಿಗಳನ್ನು ನೋಡಿದರು. ಆಮೇಲೆ ನೀರಿನ ಅಂಚಿಗೆ ಹೋಗಿ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಹಕ್ಕಿ ಅಲ್ಲಾಡಲಿಲ್ಲ. ಮತ್ತೆ ತಟ್ಟಿದರು, ಹೋ ಎಂದು ಕೂಗಿದರು. ಅದು ಇವರ ಕಡೆಗೇ ತೇಲಿ ಬಂದು ಗಿರ್ರನೆ ಒಂದು ಸುತ್ತು ಹಾಕಿತು.

"ನಾ ಹೇಳ್ಲಿಲ್ಲೇನು" ಎಂದು ದೇವಿಂದ್ರಪ್ಪ ಕುಸಿದು ಕುಳಿತ. ಮಹೆಬೂಬ ಟೆಂಪೋದ ಹಿಂದಿನ ಬಾಗಿಲು ಇಳಿಸುವ ಸದ್ದು ಕೇಳಿಸಿತು.

"ಸ್ನೇಹಲ್, ಡಬ್ಬಿ ಬಡಿ" ಎಂದರು ಇವರು.

"ಖರೇನ್ರೀ?"

"ಬಡಿ."

ಸವತಿಯನ್ನು ಓಡಿಸುವ ಗಳಿಗೆಗಾಗಿ ಇಷ್ಟು ವರ್ಷ ಕಾದವಳು ನಾನು. ಈಗ ಕೈಯೇ ಬರಲೊಲ್ಲದು. ಇವರು ನನ್ನ ಕಡೆ ನೋಡದೆ ಹಕ್ಕಿಯನ್ನೇ ನೋಡುತ್ತ ನಿಂತಿದ್ದರು, ಬಿಡುವ ಮುನ್ನ ಕಣ್ತುಂಬ ನೋಡಿಕೊಳ್ಳುತ್ತಿದ್ದರು. ನಾನು ನೀರು ಚೆಲ್ಲಿ, ಹಲ್ಲು ಕಚ್ಚಿ ಡಬ್ಬಿಗೆ ಮುಚ್ಚಳ ಬಡಿದೆ. ಢಣ್! ಢಣ್! ಢಣ್!

ಚಿಕ್ ಎಂದು ಕೂಗಿ ಹಕ್ಕಿ ಎದ್ದಿತು. ರೆಕ್ಕೆಯ ಬಿಳಿ ಪಟ್ಟೆ ಬಿಸಿಲಿಗೆ ಫಳ್ಳೆಂದಿತು. ಕೆರೆಯ ಮೇಲೆ, ಜಾಲಿಗಿಡಗಳ ಮೇಲೆ, ತೊಗರಿ ಹೊಲಗಳ ಮೇಲೆ, ಕೊಹಿನೂರದ ದಿಕ್ಕಿಗೆ, ಗೆರೆ ಕೊರೆದಂತೆ ನೆಟ್ಟಗೆ ಹೋಯಿತು. ಕಾಣದಾಗುವವರೆಗೂ ನಾವು ಉಸಿರು ಬಿಡಲಿಲ್ಲ.

"ನೆಟ್ಟಗ ಹೋತು!" ದೇವಿಂದ್ರಪ್ಪ ಒದರಿದ. "ಸಖೂ, ನೆಟ್ಟಗ ಹೋತು! ಬ್ಯಾನಿ ಇಲ್ಲ, ಏನೂ ಇಲ್ಲ!" ಅವನು ಬೇವಿನ ಕಡೆಗೆ ಓಡಿದ, ಸಖುಬಾಯಿ ಅವನಿಗಿಂತ ಮುಂದೆ ಓಡಿದಳು. ತಡೆ ತೆಗೆದದ್ದೇ ತಡ, ಇಡೀ ಹಿಂಡು ಏರಿ ಇಳಿದು ನೀರಿಗೆ ನುಗ್ಗಿತು. ಅಷ್ಟರಲ್ಲಿ ಬಂದ ಮಹೆಬೂಬನಿಗೆ ದೇವಿಂದ್ರಪ್ಪ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಮಹೆಬೂಬ ನಕ್ಕ. "ಅಚ್ಛಾ ಆಯ್ತು ಬಿಡು ಕಾಕಾ. ನೀ ಅಳ್ಕೋತ ಕೊಡೋ ಕುರಿ ನನಗೂ ಬ್ಯಾಡಾಗಿತ್ತು. ಚಾ ಕುಡಸು, ಹೋಗ್ತೇನಿ" ಎಂದ.

ನನ್ನ ಗಂಡ ಏರಿಯ ಕಲ್ಲಿನ ಮೇಲೆ ಕುಳಿತು ಗುಂಪಿಗೆ ಬರೆಯುತ್ತಿದ್ದರು. ಬರಬೇಡಿ, ಹಕ್ಕಿ ಹೋಯಿತು. ಪಕ್ಕದಲ್ಲಿ ಹೋಗಿ ಕುಳಿತೆ. ತವರು ತಪ್ಪಿಸಿದ್ದಕ್ಕೆ ಬೈಯಬೇಕೆಂದು ದಾರಿಯುದ್ದಕ್ಕೂ ಕೂಡಿಟ್ಟುಕೊಂಡ ಮಾತುಗಳು ಒಂದೂ ನೆನಪಾಗಲಿಲ್ಲ. "ನಾ ನೋಡೇನಲ್ರೀ, ಅದು ಫಲರೋಪೇ. ಕಲಬುರಗಿಗಿ ಬೇಕಾದ್ರ ನಾನೇ ಬಂದ್ ಹೇಳ್ತೇನಿ" ಎಂದೆ. ಇವರು ನಗಲು ನೋಡಿದರು, ಆಗಲಿಲ್ಲ. ನನಗೆ ಆ ಮನುಷ್ಯನ ಮೇಲೆ ಎಂದೂ ಇಲ್ಲದಷ್ಟು ಪ್ರೀತಿ ಬಂತು.

ದೇವಿಂದ್ರಪ್ಪ ಬಂದು ಎದುರಿಗೆ ನಿಂತ. "ಅದು ಮತ್ತ ಯಾವಾಗ ಬರ್ತದರಿ?"

"ಬರ್ತದೋ ಇಲ್ಲೋ ಕಾಕಾ. ನನ್ನ ಜನ್ಮದಾಗ ಇದೊಂದೇ ಸಲ ಕಂಡದ್ದು."

ದೇವಿಂದ್ರಪ್ಪನ ಕೈಯ ಗಂಟೆ ಸುಮ್ಮನಾಯಿತು. "ಹಂಗಂದ್ರ ಯಾಕ ಹಾರಿಸಿದ್ರಿ?" ಎಂದು ಕೇಳಿ, ಉತ್ತರ ತಾನೇ ತಿಳಿದುಕೊಂಡು ತಲೆ ತಗ್ಗಿಸಿದ.

ಆಗ ನೀರಿನ ಅಂಚಿನಿಂದ ಸಖುಬಾಯಿ ಕಿರುಚಿದಳು. "ಯವ್ವಾ! ಲಗೂ ಬರ್ರಿ! ಕುರಿ ಕಾಲಾಗ ನೋಡ್ರಿ!"

ಮೂವರೂ ಬಿದ್ದೂ ಎದ್ದೂ ಓಡಿದೆವು. ಬಾಯಾರಿಕೆ ತೀರಿದ ಕುರಿಗಳು ಮೊಣಕಾಲುದ್ದ ನೀರಿನಲ್ಲಿ ತುಳಿದಾಡುತ್ತಿದ್ದವು, ಗೊರಸಿನಿಂದ ತಳದ ಕೆಸರೆಲ್ಲ ಎದ್ದು ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಆ ಕಾಲುಗಳ ನಡುವೆ, ಯಾವಾಗ ಮರಳಿ ಇಳಿಯಿತೋ, ಅದೇ ಹಕ್ಕಿ! ಕಣ್ಣ ಹಿಂದೆ ಅದೇ ಕಾಡಿಗೆ. ಈಗ ಅದು ತಿರುಗುತ್ತಿರಲಿಲ್ಲ. ಒಂದು ಕುರಿಯ ಹಿಂದಿನಿಂದ ಇನ್ನೊಂದರ ಹಿಂದಕ್ಕೆ ಸರಸರ ಈಜುತ್ತ, ಟಕ್ ಟಕ್ ಎಂದು ಆರಿಸಿ ತಿನ್ನುತ್ತಿತ್ತು.

"ತಿರಗವಲ್ದಲ್ರೀ!" ಎಂದೆ ನಾನು.

"ಯಾಕ ತಿರಗತದ?" ನನ್ನ ಗಂಡ ಹುಚ್ಚರಂತೆ ನಗುತ್ತಿದ್ದರು, ಅಳುತ್ತಲೂ ಇದ್ದರು. "ಕುರಿ ಕಡದ್ ಕೊಡಾಕತ್ತಾವ! ಕೂತು ಉಣ್ಣಾಕತ್ತದ!" ಫೋನಿನಲ್ಲಿ ಅರ್ಧ ಬರೆದಿದ್ದ ಸುದ್ದಿಯನ್ನು ಅಳಿಸಿದರು.

ದೇವಿಂದ್ರಪ್ಪ ನೀರಿಗಿಳಿದು, ಮುಂದಿದ್ದ ಒಂದು ಕುರಿಯನ್ನು ಹಿಡಿದು, ವರ್ಷದಿಂದ ಯಾರ ಕೊರಳಿಗೂ ಕಟ್ಟದೆ ಇಟ್ಟುಕೊಂಡಿದ್ದ ಆ ಗಂಟೆಯನ್ನು ಕಟ್ಟಿದ. ಆಮೇಲೆ ಇವರ ಕಡೆ ತಿರುಗಿದ.

"ಸಾವ್ಕಾರ್ರ, ಆ ಮಂದಿಗಿ ಬರ್ಲಾಕ್ ಹೇಳ್ರಿ. ನಾಳಿ ನಸಕಿನ್ಯಾಗೇ ಹಿಂಡ ನೀರಿಗಿ ಇಳಸ್ತೇನಿ. ಅವರು ನೋಡಿ ಹೌದನ್ನೋತನಾ ನನ್ನ ಒಂದ್ ಕುರೀನೂ ಕೆರಿ ಬಿಟ್ಟ ಮ್ಯಾಲ ಬರಂಗಿಲ್ಲ."